ಏಳೂವರೆಯವರ ನಿಲುಗಡೆ

ಆ ಚಿತ್ರವನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಒಂದು ಕೆಂಪು ಬಲ್ಬು. ವೇದಿಕೆಯ ಅಂಚಿನಲ್ಲಿ, ಹೂಕುಂಡಗಳ ನಡುವೆ, ಸಭಿಕರಿಗೆ ಕಾಣದಂತೆ ಅಡಗಿಸಿಟ್ಟಿದ್ದ ಪುಟ್ಟ ಬಲ್ಬು. ಹತ್ತುವುದು, ಆರುವುದು, ಇಷ್ಟೇ ಅದರ ಕೆಲಸ. ಅದನ್ನು ಅಲ್ಲಿ ತಂದಿಟ್ಟವರು ತ್ರಿವಿಕ್ರಮ ಮೇಷ್ಟ್ರು, ಅದನ್ನು ನಂಬಿದವರೂ ಅವರೊಬ್ಬರೇ. ನನಗಂತೂ ಅದನ್ನು ಕಂಡರೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಚೌಕಟ್ಟಿನ ಮೂಲೆಯಲ್ಲಿ ಮಿಣಮಿಣ ಎನ್ನುವ ಕೆಂಪು ಚುಕ್ಕೆಯೆಂದರೆ ಕ್ಯಾಮೆರಾದವನಿಗೆ ಕಣ್ಣಿಗೆ ಬಿದ್ದ ಕಸವಿದ್ದಂತೆ.

ನಾನು ಆಗ ಮದುವೆಗಳ ವಿಡಿಯೋ ಚಿತ್ರ ತೆಗೆದು ಹೆಸರು ಮಾಡಿದ್ದೆ. ಆ ಊರಿನಲ್ಲಿ ನನಗಿಂತ ಚೆನ್ನಾಗಿ ಮದುವೆ ಚಿತ್ರ ತೆಗೆಯುವವರು ಇರಲಿಲ್ಲ. ಅದನ್ನು ನಾನೇ ಹೇಳಿಕೊಳ್ಳಬೇಕಲ್ಲ ಎಂಬುದೊಂದೇ ಬೇಸರ. ನನ್ನ ಗುಟ್ಟು ಬಹಳ ಸರಳ. ಧಾರೆಯ ಹೊತ್ತಿಗೆ ಹೊಸಬರೆಲ್ಲ ವಧೂವರರ ಮೇಲೆ ಕ್ಯಾಮೆರಾ ನೆಟ್ಟುಕೊಂಡು ನಿಲ್ಲುತ್ತಾರೆ, ಗಟ್ಟಿಮೇಳ ಮೊಳಗಿ ಅಕ್ಷತೆ ಹಾರುವ ಗಳಿಗೆ ಅವರ ಕೈಗೆ ಸಿಗುವುದೇ ಇಲ್ಲ. ನಾನು ಓಲಗದವರ ಕಣ್ಣು ನೋಡುತ್ತಿದ್ದೆ. ಡೋಲಿನವನು ಯಾರ ಕಡೆ ನೋಡುತ್ತಿದ್ದಾನೋ ಅವರ ಕೈ ಮೇಲೆದ್ದಾಗ ಗಟ್ಟಿಮೇಳ. ಸಾಮಾನ್ಯವಾಗಿ ಅದು ಪುರೋಹಿತರ ಕೈ. ಕೆಲವು ಮದುವೆಗಳಲ್ಲಿ ಪುರೋಹಿತರು ಬರೀ ಹೆಸರಿಗೆ. ಅಪ್ಪಣೆ ಹುಡುಗಿಯ ಸೋದರತ್ತೆಯ ಕಡೆಯಿಂದ ಬರುತ್ತದೆ. ಮದುವೆಮನೆಯ ಯಜಮಾನರು ಯಾರೆಂದು ಲಗ್ನಪತ್ರಿಕೆ ಓದಿ ತಿಳಿದುಕೊಂಡವರು ಮೋಸಹೋಗುತ್ತಾರೆ.

ಈ ಹೆಸರು ಕೇಳಿಯೇ ಏಳೂವರೆ ತಂಡದ ಅಭಿಮಾನಿಗಳು ನನ್ನನ್ನು ಹುಡುಕಿಕೊಂಡು ಬಂದರು. ಬಂದವರೆಲ್ಲ ತಲೆ ನರೆತವರು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಹಾಗೆಯೇ ಬಂದವರು. ಎಂದೋ ಒಡೆದುಹೋಗಿದ್ದ ತಂಡ ಮತ್ತೆ ಒಂದಾಗುತ್ತಿದೆ, ಪುರಭವನದಲ್ಲಿ ಒಂದು ಸಂಜೆ ಕಛೇರಿ, ಅದನ್ನು ಚಿತ್ರ ಮಾಡಿಕೊಡಬೇಕು ಎಂದರು. ಹೇಳುವಾಗ ಅವರ ಗಂಟಲು ಹುಡುಗರ ಗಂಟಲಿನಂತೆ ಒಡೆಯುತ್ತಿತ್ತು.

ಏಳೂವರೆಯವರು ರಾಕ್ ಸಂಗೀತದವರು, ಅದರಲ್ಲೂ ಪ್ರೋಗ್ರೆಸಿವ್ ರಾಕ್ ಎಂಬ ಪಂಥಕ್ಕೆ ಸೇರಿದವರು. ಎಂದರೆ, ಕಾಫಿ ಆರುವುದರೊಳಗೆ ಮುಗಿಯಬಹುದಾದ ಹಾಡನ್ನು ಊಟದ ಹೊತ್ತಿನವರೆಗೆ ಎಳೆಯುವವರು, ನಾಲ್ಕು ಏಟಿನಲ್ಲಿ ಆರಾಮಾಗಿ ನಡೆಯುವ ತಾಳವನ್ನು ಏಳೂವರೆ ಏಟಿಗೆ ತಂದು ಕುಂಟಿಸುವವರು. ಹೀಗೆಂದು ಅವರನ್ನು ಕಂಡರಾಗದವರು ಹೇಳುತ್ತಿದ್ದರು. ಅಭಿಮಾನಿಗಳ ವಿವರಣೆಯೂ ಹೆಚ್ಚುಕಡಿಮೆ ಇದೇ, ಹೇಳುವಾಗ ಮುಖ ಮಾತ್ರ ಅರಳಿರುತ್ತಿತ್ತು. ತಂಡ ಅಭ್ಯಾಸಕ್ಕೆ ಕೂತರೆ ಬೀದಿಯ ಹಿರಿಯರು ‘ಏಳೂವರೆ ಶನಿ ಹೆಗಲೇರಿತು’ ಎಂದು ಕಿಟಕಿ ಮುಚ್ಚಿಕೊಳ್ಳುತ್ತಿದ್ದರಂತೆ.

ತಂಡದಲ್ಲಿ ಇದ್ದವರು ನಾಲ್ವರು. ಗಿಟಾರ್ ತ್ರಿವಿಕ್ರಮ ಮೇಷ್ಟ್ರದು. ಹಾಡು ಕಟ್ಟುವವರೂ ಅವರೇ. ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಎಲ್ಲವನ್ನೂ ಎಣಿಸುವವರು. ಮೆಟ್ಟಿಲು ಹತ್ತುವಾಗಲೂ ಅವರ ತುಟಿ ಅಲುಗುತ್ತಿರುತ್ತಿತ್ತು. ಡ್ರಮ್ಸ್ ಅಲ್ಫಾನ್ಸ್ ಸಾರ್ ಅವರದು. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು, ಅರ್ಧ ಊರಿಗೆ ಕ್ಲಚ್ಚು ಬ್ರೇಕು ಕಲಿಸಿದವರು. ಕೀಬೋರ್ಡ್ ಅಂಬುಜಾಕ್ಷಮ್ಮನವರದು, ಹೋಮಿಯೋಪತಿ ವೈದ್ಯೆ, ಮಾತು ಕಡಿಮೆ, ಆಡಿದರೆ ಗುಳಿಗೆಯ ಹಾಗೆ ಚಿಕ್ಕದು. ಇನ್ನು ಹಾಡುವವರು ನೂರಂದಪ್ಪನವರು, ಪೇಟೆಯ ಮಧ್ಯದ ದೊಡ್ಡ ಜವಳಿ ಅಂಗಡಿಯ ಮಾಲೀಕರು. ದೊಡ್ಡ ಮೈ, ದೊಡ್ಡ ನಗು, ಅದಕ್ಕೂ ದೊಡ್ಡ ಕಂಠ. ಅವರಿಗೆ ಬಾರದೆ ಇದ್ದದ್ದು ಒಂದೇ, ತಾಳ ಎಣಿಸುವುದು.

ಅವರ ಹಾಡುಗಳಲ್ಲೆಲ್ಲ ದೊಡ್ಡದು ‘ಹೆಬ್ಬಾಗಿಲು’. ಅದರ ನಟ್ಟನಡುವೆ ಒಂದು ಜಾಗದಲ್ಲಿ, ಮೇಲೇರುತ್ತ ಮೇಲೇರುತ್ತ ಹೋದ ಸಂಗೀತ ಗಕ್ಕನೆ ನಿಂತುಬಿಡುತ್ತದೆ. ನಾಲ್ವರೂ ಕೈ ಎತ್ತಿದಂತೆಯೇ ನಿಲ್ಲಬೇಕು, ಒಂದು ತಂತಿಯೂ ಮಿಡಿಯಕೂಡದು. ಏಳೂವರೆ ಏಟಿನ ಒಂಬತ್ತು ಸುತ್ತು ಮನಸ್ಸಿನಲ್ಲೇ ಕಳೆದ ಮೇಲೆ, ಕೊನೆಯ ಅರ್ಧ ಏಟಿಗೆ, ಯಾರೂ ಯಾರಿಗೂ ಹೇಳದೆ, ನಾಲ್ವರೂ ಒಟ್ಟಿಗೆ ಎತ್ತಿಕೊಳ್ಳಬೇಕು. ಮೇಲೆ ನೂರಂದಪ್ಪನವರ ‘ತೆರೆಯಿರೋ’ ಎಂಬ ಕೂಗು. ಇದನ್ನು ಅವರು ನಿಲುಗಡೆ ಎನ್ನುತ್ತಿದ್ದರು. ಹಿಂದೆ ಜನ ಈ ನಿಲುಗಡೆಗೆಂದೇ ಟಿಕೆಟ್ ಕೊಳ್ಳುತ್ತಿದ್ದರಂತೆ. ಅಷ್ಟು ಹೊತ್ತಿನ ಮೌನ, ಆಮೇಲೆ ಒಂದು ಕೂದಲೆಳೆಯ ಹೆಚ್ಚುಕಡಿಮೆಯಿಲ್ಲದೆ ಸಿಡಿಲು ಹೊಡೆದಂತೆ ನಾಲ್ವರು. ತ್ರಿವಿಕ್ರಮರ ಲೆಕ್ಕ ಎಂದರೆ ಲೆಕ್ಕ ಎಂದು ಊರು ತಲೆದೂಗುತ್ತಿತ್ತು.

ತಂಡ ಒಡೆದದ್ದು ಹೇಗೆಂದು ನಾನು ಅಂಬುಜಾಕ್ಷಮ್ಮನವರನ್ನು ಕೇಳಿದೆ. ಅವರು ತಮ್ಮ ಔಷಧಿ ಬಾಟಲಿಗಳ ನಡುವೆ ಕುಳಿತು ಕ್ಯಾಮೆರಾ ಕಡೆಗೂ ನೋಡದೆ ಹೇಳಿದರು.

“ಪುರಭವನದಲ್ಲೇ ಆಗಿದ್ದು. ಕಛೇರಿ ಮುಗಿದಿತ್ತು, ಜನ ಇನ್ನೂ ಎದ್ದಿರಲಿಲ್ಲ. ನಿಲುಗಡೇಲಿ ನೂರಂದ ಅರ್ಧ ಏಟು ಮುಂಚೆ ಬಂದ ಅಂತ ತ್ರಿವಿಕ್ರಮನಿಗೆ ಕೋಪ. ಮೈಕ್ ಇನ್ನೂ ಆನ್ ಇತ್ತು. ‘ಎಲ್ಲಿ, ಏಳೂವರೆ ತಾಳ ಕೈಯಲ್ಲಿ ಹಾಕಿ ತೋರಿಸು’ ಅಂದ. ಪಾಪ, ಇವನು ಹಾಕಿದ. ಎರಡನೇ ಸುತ್ತಿಗೇ ತಪ್ಪಿದ. ‘ತಾಳಗೇಡಿ’ ಅಂದ ತ್ರಿವಿಕ್ರಮ. ಇಡೀ ಸಭೆ ನಕ್ಕಿತು.”

“ಆಮೇಲೆ?”

“ಅವರಪ್ಪ ಮೊದಲನೇ ಸಲ ಮಗನ ಹಾಡು ಕೇಳಕ್ಕೆ ಬಂದು ಮುಂದಿನ ಸಾಲಲ್ಲಿ ಕೂತಿದ್ರು. ಎದ್ದು ಹೋದ್ರು. ಅವರ ಹಿಂದೇನೇ ಇವನೂ ಹೋದ. ಮಾರನೇ ದಿನದಿಂದ ಅಂಗಡಿ.”

ಬೇರೆ ಹಾಡುಗಾರರನ್ನು ತರಲಿಲ್ಲವೇ ಎಂದೆ. ತಂದರಂತೆ. ಇಬ್ಬರು, ಒಬ್ಬರಾದ ಮೇಲೆ ಒಬ್ಬರು. ಇಬ್ಬರೂ ಸಂಗೀತ ಕಲಿತವರು, ತಾಳದಲ್ಲಿ ಗಟ್ಟಿಗರು. ಆದರೆ ನಿಲುಗಡೆ ಬಂದಾಗಲೆಲ್ಲ ನಾಲ್ವರೂ ನಾಲ್ಕು ದಿಕ್ಕಿನಿಂದ ಬಂದು ಬೀಳುತ್ತಿದ್ದರು. ಜನ ಮೊದಲು ಕೆಮ್ಮಿದರು, ಆಮೇಲೆ ನಕ್ಕರು, ಆಮೇಲೆ ಬರುವುದನ್ನೇ ಬಿಟ್ಟರು. “ಹೊಸಬರು ನಮಗೆ ಒಗ್ಗಲಿಲ್ಲ” ಎಂದು ಅಂಬುಜಾಕ್ಷಮ್ಮ ಮಾತು ಮುಗಿಸಿದರು.

ನೂರಂದಪ್ಪನವರ ಅಂಗಡಿಗೆ ಹೋದಾಗ ಅವರು ಗಿರಾಕಿಯೊಬ್ಬಳ ಮುಂದೆ ಸೀರೆಗಳ ರಾಶಿಯನ್ನೇ ಹರವಿಕೊಂಡು ಕೂತಿದ್ದರು. ನನ್ನನ್ನು ಗಾದಿಯ ಮೇಲೆ ಕೂರಿಸಿ, ಕಾಫಿ ತರಿಸಿ, ಕ್ಯಾಮೆರಾ ಕಂಡೊಡನೆ ಪಂಚೆ ಸರಿಮಾಡಿಕೊಂಡರು. ತಂಡದ ಮಾತು ಬಂದಾಗ ಮಾತ್ರ ಆ ದೊಡ್ಡ ದನಿ ಇಳಿಯಿತು.

“ಅಪ್ಪಾಜಿ ಸಾಯೋವರೆಗೂ ಆ ಮಾತು ಎತ್ತಲಿಲ್ಲ ಕಣಪ್ಪ. ಎತ್ತಿ ಬೈದಿದ್ರೆ ಚೆನ್ನಾಗಿತ್ತು. ಒಂದೇ ಒಂದ್ಸಲ, ಬಟ್ಟೆ ಅಳೀತಾ ಇದ್ದೆ, ‘ಇದು ನಿನ್ನ ಕೈಗೆ ಬರುತ್ತೆ, ಅದು ಬರಲಿಲ್ಲ, ಹೋಗ್ಲಿ ಬಿಡು’ ಅಂದ್ರು. ಅಷ್ಟೇಯ.” ಸೀರೆಯ ಅಂಚನ್ನು ಮಡಿಸಿದರು. “ಈಗ ನನಗೆ ಬೇಕಾಗಿರೋದು ಇಷ್ಟು. ಒಂದು ಸಲ, ಆ ಮೂವರ ಜೊತೆ, ಹೆಬ್ಬಾಗಿಲು ತಪ್ಪಿಲ್ಲದ ಹಾಗೆ ಹಾಡ್ಬೇಕು. ಅದು ನಿನ್ನ ಚಿತ್ರದಲ್ಲಿ ಉಳೀಬೇಕು. ಆಮೇಲೆ ಯಾರಾದ್ರೂ ತಾಳಗೇಡಿ ಅಂದ್ರೆ ಹಾಕಿ ತೋರಿಸ್ಬಿಡ್ತೀನಿ.”

“ನಾನಿದ್ದೀನಿ ಬಿಡಿ ಅಣ್ಣ” ಎಂದೆ. ಯಾವ ಧೈರ್ಯದ ಮೇಲೆ ಹಾಗೆಂದೆನೋ ಗೊತ್ತಿಲ್ಲ. ಆದರೆ ಅಂದದ್ದಕ್ಕೆ ನನಗೆ ಎಂದೂ ಪಶ್ಚಾತ್ತಾಪವಾಗಲಿಲ್ಲ.

ಅಭ್ಯಾಸ ನಡೆದದ್ದು ಊರಾಚೆಯ ಒಂದು ನಿಂತುಹೋದ ಅಕ್ಕಿ ಗಿರಣಿಯಲ್ಲಿ. ಅಲ್ಲಿ ಎಷ್ಟು ಗದ್ದಲ ಮಾಡಿದರೂ ಕೇಳುವವರು ಪಾರಿವಾಳಗಳು ಮಾತ್ರ. ಮೊದಲೆರಡು ದಿನ ನಾಲ್ವರೂ ಒಬ್ಬರನ್ನೊಬ್ಬರು ಬೀಗರಂತೆ ಮಾತಾಡಿಸಿದರು. ಮೂರನೆಯ ದಿನ ಅಲ್ಫಾನ್ಸ್ ಸಾರ್ ಒಂದು ಡ್ರಮ್ಸ್ ಕೋಲು ಮುರಿದುಕೊಂಡು ಬಾಯ್ತುಂಬ ಬೈದರು, ಆಮೇಲೆ ಎಲ್ಲ ಸಲೀಸಾಯಿತು. ಹೆಬ್ಬಾಗಿಲನ್ನು ಹಿಡಿದ ಮೊದಲ ಸಲವೇ ನಿಲುಗಡೆ ಬಂತು. ನಾಲ್ಕು ಜೊತೆ ಕೈ ಮೇಲೆ ನಿಂತವು. ಪಾರಿವಾಳಗಳ ಗುಟುರು ಕೇಳುತ್ತಿತ್ತು. ಆಮೇಲೆ ನಾಲ್ವರೂ ಒಂದೇ ಏಟಿಗೆ ಬಂದರು ನೋಡಿ, ಗಿರಣಿಯ ತಗಡು ನಡುಗಿತು, ನನ್ನ ಕೈಯಲ್ಲಿದ್ದ ಕ್ಯಾಮೆರಾವೂ ನಡುಗಿತು. ನಾನು ಆ ಸಂಗೀತಕ್ಕೆ ಶರಣಾದದ್ದು ಆ ಗಳಿಗೆಯಲ್ಲಿ.

ಎಲ್ಲರೂ ನಗುತ್ತಿದ್ದರು, ಮೇಷ್ಟ್ರೊಬ್ಬರನ್ನು ಬಿಟ್ಟು. “ನೂರಂದ ಒಂದು ಚೂರು ಮುಂಚೆ ಬಂದ” ಎಂದರು.

“ನಾವೂ ಅವನ ಜೊತೆಗೇ ಬಂದ್ವಲ್ಲ ಮಾರಾಯ?” ಎಂದರು ಅಲ್ಫಾನ್ಸ್ ಸಾರ್.

“ಅದೃಷ್ಟ. ಚಿತ್ರ ತೆಗೀವಾಗ ಅದೃಷ್ಟ ನಂಬ್ಕೊಂಡು ಕೂರಕ್ಕಾಗಲ್ಲ.”

ಮಾರನೆಯ ದಿನ ಮೇಷ್ಟ್ರು ಒಂದು ಪೆಟ್ಟಿಗೆ ತಂದರು. ತಾವೇ ಕೂತು ಜೋಡಿಸಿದ್ದು. ನಿಲುಗಡೆ ಶುರುವಾದಾಗ ಕಾಲಿನಿಂದ ಒಂದು ಗುಂಡಿ ಒತ್ತಿದರೆ ಪೆಟ್ಟಿಗೆ ತನ್ನಷ್ಟಕ್ಕೆ ಎಣಿಸಿಕೊಂಡು ಹೋಗಿ, ಎತ್ತಿಕೊಳ್ಳಬೇಕಾದ ಅರ್ಧ ಏಟಿಗೆ ಸರಿಯಾಗಿ ಕೆಂಪು ಬಲ್ಬು ಹತ್ತಿಸುತ್ತಿತ್ತು. ಆ ಬಲ್ಬನ್ನು ನೂರಂದಪ್ಪನವರ ಕಾಲಬುಡದಲ್ಲಿಟ್ಟು, “ಎಣಿಸೋದೇನೂ ಬೇಡ, ಇದನ್ನ ನೋಡ್ತಾ ಇರು, ಹತ್ತಿದಾಗ ಬಾ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದನ್ನು ಇಲ್ಲ ಎನ್ನಲಾರೆ.

ಅವರಿಗೆ ಒಂದು ವಿಷಯ ನೆನಪಿರಲಿಲ್ಲ. ನೂರಂದಪ್ಪನವರು ಹಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೆಬ್ಬಾಗಿಲು ಶುರುವಾದರೆ ಅದು ಮುಗಿಯುವವರೆಗೂ ಅವರ ರೆಪ್ಪೆ ಮೇಲೇಳುತ್ತಿರಲಿಲ್ಲ. ಅವರ ಕಾಲಬುಡದಲ್ಲಿ ಕೆಂಪು ಬಲ್ಬಲ್ಲ, ಹೆದ್ದಾರಿಯ ದೀಪ ನೆಟ್ಟಿದ್ದರೂ ಒಂದೇ.

ಬಲ್ಬಿಟ್ಟು ನುಡಿಸಿದ ಮೊದಲ ಸಲವೇ ನಿಲುಗಡೆ ಮುರಿದುಬಿತ್ತು. ನೂರಂದಪ್ಪನವರು ತಮ್ಮ ಪಾಡಿಗೆ ತಾವು ಬಂದರು. ಬಲ್ಬು ಅರೆಗಳಿಗೆ ಆದಮೇಲೆ ಹತ್ತಿತು. ಅಲ್ಫಾನ್ಸ್ ಸಾರ್ ಇವರ ಜೊತೆಗೋ ಅದರ ಜೊತೆಗೋ ತಿಳಿಯದೆ ನಡುವೆ ಬಿದ್ದರು, ಅಂಬುಜಾಕ್ಷಮ್ಮ ಬರಲೇ ಇಲ್ಲ. ಮತ್ತೆ ಮಾಡಿದರು, ಮತ್ತೆ ಅದೇ ಗತಿ. ಪೆಟ್ಟಿಗೆ ದಿನವೂ ಒಂದೇ ವೇಗದಲ್ಲಿ ಎಣಿಸುತ್ತಿತ್ತು. ಇವರು ಮನುಷ್ಯರು, ಸೆಕೆ ಹೆಚ್ಚಾದ ದಿನ ಒಂದು ವೇಗ, ಹೊಟ್ಟೆ ತುಂಬಿದ ದಿನ ಒಂದು ವೇಗ. ಆದರೆ ತಪ್ಪು ಯಾರದೆಂಬ ಬಗ್ಗೆ ಮೇಷ್ಟ್ರಿಗೆ ಸಂಶಯವೇ ಇರಲಿಲ್ಲ.

ನನಗೆ ಮಾತ್ರ ಅಂದು ಒಂದು ಅನುಮಾನ ಹೊಕ್ಕಿತು. ಬಲ್ಬು ಬರುವ ಮುಂಚೆ ನಿಲುಗಡೆಯಲ್ಲಿ ಅಲ್ಫಾನ್ಸ್ ಸಾರ್ ಕಣ್ಣು ಹೇಗಿತ್ತೆಂದು ನೆನಪು ಮಾಡಿಕೊಂಡೆ. ಅದು ನನಗೆ ಚೆನ್ನಾಗಿ ಗುರುತಿದ್ದ ಕಣ್ಣು. ಸಾವಿರ ಮದುವೆಯಲ್ಲಿ ನೋಡಿದ, ಗಟ್ಟಿಮೇಳಕ್ಕೆ ಕಾದು ನಿಂತ ಡೋಲಿನವನ ಕಣ್ಣು.

ಮೇಷ್ಟ್ರ ಹತ್ತಿರ ಹೋಗಿ ಸುಮ್ಮನಿರಲಾರದೆ ಹೇಳಿಯೇಬಿಟ್ಟೆ. “ಸಾರ್, ನಿಲುಗಡೆಯಲ್ಲಿ ನೀವೆಲ್ಲ ನೂರಂದಪ್ಪನವರ ಕಡೆ ನೋಡ್ತಿರ್ತೀರಿ ಅಂತ ಕಾಣುತ್ತೆ.”

ಅವರು ಗಿಟಾರಿನ ತಂತಿ ಬಿಗಿಯುತ್ತಲೇ ನಕ್ಕರು. “ಅವನನ್ನ ನೋಡಿ ನಾವು ತಾಳ ಹಿಡೀತೀವಾ? ಚೆನ್ನಾಗಿದೆ. ನಾನು ಎಣಿಸ್ತಿರ್ತೀನಪ್ಪ, ಮೊದಲನೇ ಸುತ್ತಿಂದ ಕಡೇ ಸುತ್ತಿನ ತನಕ. ನಿನ್ನ ಕೆಲಸ ಚಿತ್ರ ತೆಗೆಯೋದು, ಲೆಕ್ಕ ನನಗೆ ಬಿಡು.”

ಕಛೇರಿಯ ಹಿಂದಿನ ದಿನ ಮೇಷ್ಟ್ರು ತೀರ್ಮಾನ ಹೇಳಿದರು. ನಿಲುಗಡೆ ಶುರುವಾದೊಡನೆ ನೂರಂದಪ್ಪ ಮೆಲ್ಲಗೆ ಪರದೆಯ ಮರೆಗೆ ಸರಿದುಬಿಡಬೇಕು, ನೀರು ಕುಡಿಯಲು ಹೋದ ಹಾಗೆ. ಮೂವರೂ ಬಲ್ಬು ನೋಡಿಕೊಂಡು ಎತ್ತಿಕೊಳ್ಳುತ್ತಾರೆ, ‘ತೆರೆಯಿರೋ’ ಕೂಗು ಇರುವುದಿಲ್ಲ. ಒಂದು ಸುತ್ತು ನಡೆದ ಮೇಲೆ ಅವರು ಬಂದು ಸೇರಿಕೊಳ್ಳಬೇಕು. ಅಲ್ಫಾನ್ಸ್ ಸಾರ್ ಏನೋ ಹೇಳಹೋದರು. ಅಂಬುಜಾಕ್ಷಮ್ಮ “ಇದು ಚೆನ್ನಾಗಿಲ್ಲ ತ್ರಿವಿಕ್ರಮ” ಎಂದರು. ಅವರಿಬ್ಬರನ್ನೂ ತಡೆದವರು ನೂರಂದಪ್ಪನವರೇ.

“ಇರ್ಲಿ ಬಿಡ್ರಿ. ಮೇಷ್ಟ್ರು ಹೇಳೋದು ಸರಿ. ನನ್ನಿಂದ ಯಾಕೆ ಹಾಳಾಗ್ಬೇಕು?” ಎಂದು ದೊಡ್ಡದಾಗಿ ನಕ್ಕರು. ಅವರು ಇಷ್ಟು ವರ್ಷ ಕಾದದ್ದು ಯಾವುದಕ್ಕೋ ಅದನ್ನೇ ಅವರ ಕೈಯಿಂದ ತೆಗೆದುಕೊಳ್ಳುತ್ತಿದ್ದರು, ಅದೂ ಚಿತ್ರದಲ್ಲಿ ಶಾಶ್ವತವಾಗಿ ಉಳಿಯುವ ಹಾಗೆ. ಹೋಗುವಾಗ ಅವರು ನನ್ನ ಹೆಗಲು ತಟ್ಟಿ, “ಬೇರೆ ಹಾಡುಗಳು ಇವೆಯಲ್ಲಪ್ಪ” ಎಂದರು.

ಮೇಷ್ಟ್ರು ನನಗೂ ಅಪ್ಪಣೆ ಕೊಟ್ಟಿದ್ದರು. ನಿಲುಗಡೆಯಲ್ಲಿ ಕ್ಯಾಮೆರಾಗಳೆಲ್ಲ ವೇದಿಕೆಯ ಮೇಲಿನ ಮೂವರ ಮೇಲೇ ಇರಬೇಕು, ಮರೆಗೆ ಹೋದವನು ಕಾಣಕೂಡದು. “ಆಗಲಿ ಸಾರ್” ಎಂದೆ. ಮದುವೆಮನೆಯಲ್ಲಿ ಎಲ್ಲರ ಅಪ್ಪಣೆಗೂ ಆಗಲಿ ಎನ್ನುವುದು, ಆಮೇಲೆ ನನಗೆ ಸರಿ ಕಂಡದ್ದನ್ನು ತೆಗೆಯುವುದು ನನ್ನ ರೂಢಿ. ಮೂವರ ಮುಖಕ್ಕೆ ಒಂದೊಂದು ಕ್ಯಾಮೆರಾ ಹಚ್ಚಿ, ಕಣ್ಣು ಬಿಟ್ಟು ಬೇರೇನೂ ತೆಗೆಯಬೇಡಿ ಎಂದು ನನ್ನ ಹುಡುಗರಿಗೆ ಹೇಳಿದೆ. ಇಡೀ ವೇದಿಕೆಗೆ ಸಭೆಯ ಹಿಂದೆ ಒಂದು. ಇನ್ನೊಂದನ್ನು ನಾನೇ ಹೆಗಲ ಮೇಲೆ ಹೊತ್ತು ಪರದೆಯ ಮರೆಯಲ್ಲಿ ನಿಂತೆ.

ಆ ಸಂಜೆ ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಏಳೂವರೆ ಶನಿ ಎಂದು ಕಿಟಕಿ ಮುಚ್ಚಿಕೊಂಡವರ ಮಕ್ಕಳೂ ಬಂದಿದ್ದರು. ತಂಡ ಮೊದಲ ಹಾಡಿಗೇ ಸಭೆಯನ್ನು ಗೆದ್ದಿತು. ಮೇಷ್ಟ್ರ ಬೆರಳುಗಳಿಗೆ ವಯಸ್ಸಾಗಿರಲಿಲ್ಲ. ಅಂಬುಜಾಕ್ಷಮ್ಮ ಎಡಗೈಯಲ್ಲಿ ನೆಲ ನಡುಗಿಸುತ್ತ ಬಲಗೈಯಲ್ಲಿ ಮಳೆಹನಿ ಸುರಿಸಿದರು. ನೂರಂದಪ್ಪನವರು ಹಾಡಿದ್ದನ್ನು ಹೇಗೆ ಹೇಳಲಿ? ಹೊರಗೆ ರಸ್ತೆಯಲ್ಲಿ ಹೋಗುವವರು ಸೈಕಲ್ ಇಳಿದು ನಿಂತಿದ್ದರೆಂದು ಆಮೇಲೆ ಕೇಳಿದೆ.

ಕೊನೆಯದು ಹೆಬ್ಬಾಗಿಲು. ಸಂಗೀತ ಏರುತ್ತ ಹೋಯಿತು, ಅಂಚಿಗೆ ಬಂತು, ನಿಂತಿತು. ಮೇಷ್ಟ್ರು ಕಾಲಿನಿಂದ ಗುಂಡಿ ಒತ್ತಿದರು. ನೂರಂದಪ್ಪನವರು ತಲೆ ತಗ್ಗಿಸಿಕೊಂಡು ಮೆಲ್ಲಗೆ ನಡೆದು ನಾನಿದ್ದ ಮರೆಗೆ ಬಂದರು. ಅಲ್ಲಿ ಸ್ಟೂಲಿನ ಮೇಲೆ ಅವರಿಗೆಂದು ಒಂದು ಲೋಟ ನೀರಿಟ್ಟಿತ್ತು. ಅದನ್ನು ಕೈಗೆ ತೆಗೆದುಕೊಂಡರು, ಕುಡಿಯಲಿಲ್ಲ. ನನ್ನ ಕಡೆ ಬೆನ್ನು ಅರ್ಧ ತಿರುಗಿಸಿ, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದರು.

ವೇದಿಕೆಯ ಮೇಲೆ ಮೂರು ಜೊತೆ ಕೈ ಮೇಲೆ ನಿಂತಿದ್ದವು. ಸಭೆಯಲ್ಲಿ ಒಂದು ಕೆಮ್ಮೂ ಇರಲಿಲ್ಲ. ನಾನು ಕಾದೆ. ಹೂಕುಂಡಗಳ ನಡುವೆ ಕೆಂಪು ಬಲ್ಬು ಹತ್ತಿತು.

ಯಾರೂ ನುಡಿಸಲಿಲ್ಲ.

ಬಲ್ಬು ಹತ್ತಿ ಆರಿತು. ಅಲ್ಫಾನ್ಸ್ ಸಾರ್ ಕೋಲು ಮೇಲೆಯೇ ಇತ್ತು. ಅಂಬುಜಾಕ್ಷಮ್ಮನ ಬೆರಳು ಮೇಲೆಯೇ ಇತ್ತು. ಲೆಕ್ಕದ ಪೆಟ್ಟಿಗೆ ಕಟ್ಟಿದ ಮೇಷ್ಟ್ರೂ ಹಾಗೆಯೇ ನಿಂತಿದ್ದರು. ಮೂವರೂ ಕತ್ತು ಇಷ್ಟೇ ಇಷ್ಟು ವಾಲಿಸಿ ನಾನಿದ್ದ ಕಡೆ ನೋಡುತ್ತಿದ್ದರು. ನನ್ನನ್ನಲ್ಲ. ನನ್ನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ ಆ ದೊಡ್ಡ ಬೆನ್ನನ್ನು. ಬೆನ್ನು ಮೆಲ್ಲಗೆ ಹಿಗ್ಗಿತು, ಹೆಗಲು ಮೇಲೆದ್ದಿತು. ಲೋಟದ ನೀರು ತುಳುಕಿ ಅವರ ಕೈಮೇಲೆ ಬಿತ್ತು.

“ತೆರೆಯಿರೋ!”

ಮೈಕಿಲ್ಲದೆ, ಮರೆಯಿಂದ, ಗೋಡೆಗೆ ಬಡಿದು ಹೊರಟ ಆ ಕೂಗಿನ ಜೊತೆಗೇ, ಅದೇ ಕ್ಷಣಕ್ಕೆ, ಅದೇ ಅರ್ಧ ಏಟಿಗೆ, ಮೂವರೂ ಎತ್ತಿಕೊಂಡರು. ಪುರಭವನ ಎದ್ದು ನಿಂತಿತು. ನನ್ನ ಕಣ್ಣಲ್ಲಿ ನೀರು ತುಂಬಿ ಚೌಕಟ್ಟು ಕಾಣದೆ ಹೋಯಿತು, ಆದರೂ ಕ್ಯಾಮೆರಾ ಅಲುಗಿಸಲಿಲ್ಲ. ಆ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ಇಷ್ಟಾದರೂ ನೂರಂದಪ್ಪನವರಿಗೆ ಏನಾಯಿತೆಂದು ತಿಳಿದಿರಲಿಲ್ಲ. ಕಣ್ಣು ಬಿಟ್ಟವರೇ ನಾಲಿಗೆ ಕಚ್ಚಿಕೊಂಡು, ಓಡುತ್ತ ಮೈಕಿನ ಮುಂದೆ ಹೋಗಿ ನಿಂತು ಹಾಡು ಮುಗಿಸಿದರು. ಆಮೇಲೆ ಒಳಕೋಣೆಯಲ್ಲಿ ಮೇಷ್ಟ್ರ ಮುಂದೆ ಕೈ ಕಟ್ಟಿ ನಿಂತುಬಿಟ್ಟರು.

“ತಪ್ಪಾಯ್ತು ತ್ರಿವಿ. ಸುಮ್ಮನಿರ್ಬೇಕು ಅಂತ್ಲೇ ಇದ್ದೆ. ಎದೆ ಕೇಳಲಿಲ್ಲ. ನೀವು ಎತ್ಕೊಳ್ಳೋ ಹೊತ್ತಿಗೆ ಅಡ್ಡ ಬಂದ್ಬಿಟ್ಟೆ.”

ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಗಲಿಬಿಲಿಯಿತ್ತು. “ಬಲ್ಬು ಕೈಕೊಟ್ಟಿತು ಅಂತ ಕಾಣುತ್ತೆ” ಎಂದರು. “ಇರಲಿ ಬಿಡು. ಚಿತ್ರದಲ್ಲಿ ಆ ಭಾಗ ತೆಗೆಸಿಬಿಡೋಣ.” ಅಲ್ಫಾನ್ಸ್ ಸಾರ್ ಮತ್ತು ಅಂಬುಜಾಕ್ಷಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೂ ತಾವು ಎತ್ತ ನೋಡುತ್ತಿದ್ದೆವೆಂಬ ಪರಿವೆ ಇದ್ದಂತಿರಲಿಲ್ಲ. ನೂರಂದಪ್ಪನವರು “ಹೂಂ, ತೆಗೆಸಿಬಿಡಿ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ಕ್ಯಾಮೆರಾಗಳನ್ನು ಚೀಲಕ್ಕೆ ತುಂಬಿದೆ. ಬಾಯಲ್ಲಿ ಹೇಳಿ ಒಮ್ಮೆ ನಗೆಪಾಟಲಾಗಿದ್ದೆ. ಈ ಸಲ ತೋರಿಸುವುದೆಂದು ನಿಶ್ಚಯಿಸಿದ್ದೆ.

ಕೆಲವು ದಿನಗಳಾದ ಮೇಲೆ ಮೇಷ್ಟ್ರು ನನ್ನ ಎಡಿಟಿಂಗ್ ಕೋಣೆಗೆ ಬಂದರು, ಎಲ್ಲೆಲ್ಲಿ ಕತ್ತರಿಸಬೇಕೆಂದು ಹೇಳಲು. ನಾನು ಮೊದಲು ಗಿರಣಿಯ ಚಿತ್ರ ಹಾಕಿದೆ, ಬಲ್ಬು ಬರುವ ಮುಂಚಿನದು. ಆಮೇಲೆ ಬಲ್ಬು ಬಂದ ದಿನದ್ದು. ಕೊನೆಗೆ ಪುರಭವನದ್ದು: ಮೊದಲು ಬಲ್ಬು ಹತ್ತಿ ಆರಿದ್ದು, ಆಮೇಲೆ ಅಲ್ಫಾನ್ಸ್ ಸಾರ್ ಕಣ್ಣು, ಅಂಬುಜಾಕ್ಷಮ್ಮನ ಕಣ್ಣು, ಅದಾದ ಮೇಲೆ ಅವರದೇ ಮುಖ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇನ್ನೊಂದ್ಸಲ ಹಾಕು.”

ಹಾಕಿದೆ.

“ನನ್ನ ತುಟಿ ನೋಡು” ಎಂದರು ಬಹಳ ಮೆಲ್ಲಗೆ.

ನಾನು ಅದನ್ನು ಗಮನಿಸಿರಲಿಲ್ಲ. ನನ್ನ ಕಣ್ಣೆಲ್ಲ ಅವರ ಕಣ್ಣಿನ ಮೇಲಿತ್ತು. ಮೆಟ್ಟಿಲು ಹತ್ತುವಾಗಲೂ ಅಲುಗುವ ಆ ತುಟಿ ನಿಲುಗಡೆಯಲ್ಲಿ ಅಲುಗುತ್ತಿರಲಿಲ್ಲ. ಮೊದಲ ಸುತ್ತಿನಲ್ಲಿ ಒಂದಿಷ್ಟು ಎಣಿಸಿ, ಆಮೇಲೆ ನಿಂತುಹೋಗಿತ್ತು. ಮನುಷ್ಯ ಬಾಯಿ ಅರೆ ತೆರೆದುಕೊಂಡು ಪರದೆಯ ಮರೆಯ ಕಡೆ ನೋಡುತ್ತಿದ್ದ, ಅಷ್ಟೇ. ಗಿರಣಿಯ ಚಿತ್ರದಲ್ಲೂ ಹಾಗೆಯೇ, ಕಣ್ಣು ನೂರಂದಪ್ಪನವರ ಮೇಲೆ.

“ಹಾಗಾದ್ರೆ ನಾನು ಅಷ್ಟು ವರ್ಷ ಏನು ಎಣಿಸ್ತಾ ಇದ್ದೆ?” ಎಂದರು. “ಅವನು ಉಸಿರು ತಗೊಂಡ್ರೆ ನಾವು ಬರ್ತಿದ್ವಿ. ಅವನನ್ನ ತಂಡದಿಂದ ಕಳಿಸಿದ ಮೇಲೆ ಆ ಉಸಿರೇ ಇರಲಿಲ್ಲ. ಅದಕ್ಕೇ ಹೊಸಬರ ಜೊತೆ ನಾವು ಬೀಳ್ತಿದ್ವಿ.” ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

“ಆ ಭಾಗ ಕತ್ತರಿಸಲಾ ಸಾರ್?” ಎಂದೆ, ಬೇಕೆಂದೇ.

“ಕತ್ತರಿ ಮುಟ್ಟಿಸಿದ್ರೆ ನೋಡು! ನನ್ನ ಮುಖಾನ ಇನ್ನೂ ಹೊತ್ತು ತೋರಿಸು. ಊರಿಗೆಲ್ಲ ಕಾಣಲಿ.” ಬಾಗಿಲವರೆಗೆ ಹೋದವರು ತಿರುಗಿ ಬಂದರು. “ಅವನ ಹತ್ರ ಈಗಲೇ ಹೋಗಿ ಕಾಲು ಹಿಡ್ಕೊಳ್ಳೋಣ ಅನ್ನಿಸುತ್ತೆ. ಆದ್ರೆ ಅಂಗಡಿ ಮೂಲೇಲಿ ಗುಟ್ಟಾಗಿ ಹೇಳೋದಲ್ಲ ಅದು. ನಾನು ಅಂದಿದ್ದು ಪುರಭವನದಲ್ಲಿ, ಮೈಕಲ್ಲಿ.”

ಪುರಭವನದಲ್ಲೇ ಇಟ್ಟುಕೊಂಡಿದ್ದ ಚಿತ್ರದ ಪ್ರದರ್ಶನಕ್ಕೆ ನೂರಂದಪ್ಪನವರು ಬರುವುದಿಲ್ಲವೆಂದು ಕೂತಿದ್ದರಂತೆ. ಅವರ ಹೆಂಡತಿ ಗುರುಬಸಮ್ಮ, “ನೀವು ಹಾಡಿದ್ದು ನಾನು ನೋಡೋದು ಬೇಡ್ವಾ? ಕತ್ತರಿಸಿದ್ದು ಕತ್ತರಿಸ್ಲಿ, ಉಳಿದಿದ್ದು ನೋಡೋಣ ನಡೀರಿ” ಎಂದು ಎಬ್ಬಿಸಿಕೊಂಡು ಬಂದರು. ಅಭಿಮಾನಿಗಳು ಅವರಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಅವರು ಮಾತ್ರ ಕುರ್ಚಿಯಲ್ಲಿ ಮುದುಡಿಕೊಂಡು ಕೂತಿದ್ದರು.

ದೀಪ ಆರಿಸುವ ಮೊದಲು ತ್ರಿವಿಕ್ರಮ ಮೇಷ್ಟ್ರು ವೇದಿಕೆ ಹತ್ತಿದರು. ಮೈಕಿನ ಮುಂದೆ ನಿಂತು ಸ್ವಲ್ಪ ಹೊತ್ತು ತಡಬಡಾಯಿಸಿದರು. ಭಾಷಣ ಬರದವರಲ್ಲ, ಆದರೂ ಅಂದು ಬರಲಿಲ್ಲ.

“ಇದೇ ಜಾಗದಿಂದ ನೂರಂದಪ್ಪನಿಗೆ ಒಂದು ಮಾತು ಅಂದಿದ್ದೆ. ನಿಮ್ಮಲ್ಲಿ ಕೆಲವರು ನಕ್ಕಿದ್ರಿ, ನೆನಪಿರಬಹುದು. ಆ ಮಾತು ಸುಳ್ಳು. ಯಾಕೆ ಸುಳ್ಳು ಅನ್ನೋದು ಚಿತ್ರದಲ್ಲಿದೆ, ನೋಡಿ.” ಇಷ್ಟು ಹೇಳಿ ಇಳಿದುಹೋಗಿ ಎಲ್ಲೋ ನಡುವಿನ ಸಾಲಿನಲ್ಲಿ ಕೂತರು. ಸಭೆಯಲ್ಲಿ ಗುಜುಗುಜು ಎದ್ದಿತು. ನೂರಂದಪ್ಪನವರು ಏನೂ ಅರ್ಥವಾಗದೆ ಹೆಂಡತಿಯ ಮುಖ ನೋಡಿದರು.

ನಾನು ಸಭಾಂಗಣದ ಪಕ್ಕದ ಗೋಡೆಗೆ ಒರಗಿ ನಿಂತಿದ್ದೆ. ಹಾಡುಗಳು ಒಂದಾದ ಮೇಲೊಂದು ಬಂದವು, ಜನ ಎದುರಿಗೆ ತಂಡವೇ ಇದ್ದಂತೆ ಚಪ್ಪಾಳೆ ತಟ್ಟಿದರು. ಹೆಬ್ಬಾಗಿಲು ಬಂತು. ಏರಿತು, ನಿಂತಿತು. ಪರದೆಯ ಮೇಲೆ ನೂರಂದಪ್ಪನವರು ತಲೆ ತಗ್ಗಿಸಿ ಮರೆಗೆ ನಡೆದರು. ಕೆಂಪು ಬಲ್ಬು ಹತ್ತಿತು, ಆರಿತು, ಒಬ್ಬರೂ ಅದರತ್ತ ನೋಡಲಿಲ್ಲ. ಅಲ್ಫಾನ್ಸ್ ಸಾರ್ ಮುಖ ಪರದೆ ತುಂಬ ಬಂತು. ಆಮೇಲೆ ಅಂಬುಜಾಕ್ಷಮ್ಮನ ಮುಖ. ಆಮೇಲೆ ಮೇಷ್ಟ್ರ ಮುಖ, ಬಹಳ ಹೊತ್ತು.

“ಇವರೆಲ್ಲ ಯಾರನ್ನ ಹಂಗೆ ನೋಡ್ತಾವ್ರೆ?” ಎಂದು ಗುರುಬಸಮ್ಮ ಕೇಳಿದ್ದು ಆ ಮೌನದಲ್ಲಿ ನನಗೂ ಕೇಳಿಸಿತು.

ಮುಂದಿನ ದೃಶ್ಯದಲ್ಲಿ ಆ ಬೆನ್ನು ಬಂತು, ಕೈಯಲ್ಲಿ ಲೋಟ, ಮುಚ್ಚಿದ ಕಣ್ಣು. ನೂರಂದಪ್ಪನವರು ಕುರ್ಚಿಯ ತೋಳುಗಳನ್ನು ಹಿಡಿದುಕೊಂಡರು. “ನನ್ನನ್ನ” ಎಂದರು. ಆಮೇಲೆ ಇನ್ನೊಮ್ಮೆ, ಹೆಂಡತಿಗಲ್ಲ, ತಮಗೇ ಹೇಳಿಕೊಳ್ಳುವಂತೆ, “ನನ್ನನ್ನೇ.”

ಪರದೆ ನೋಡುವುದು ಬಿಟ್ಟು ಸಭೆಯ ಕಡೆ ತಿರುಗಿದೆ. ಸಭಾಂಗಣದ ಬೇರೆ ಬೇರೆ ಕಡೆ ಕೂತಿದ್ದ ಅಲ್ಫಾನ್ಸ್ ಸಾರ್, ಅಂಬುಜಾಕ್ಷಮ್ಮ, ತ್ರಿವಿಕ್ರಮ ಮೇಷ್ಟ್ರು, ಮೂವರೂ ಪರದೆ ನೋಡುತ್ತಿರಲಿಲ್ಲ. ಕತ್ತು ಚಾಚಿ ಮುಂದಿನ ಸಾಲಿನತ್ತ ನೋಡುತ್ತಿದ್ದರು. ನೂರಂದಪ್ಪನವರು ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಒಬ್ಬೊಬ್ಬರನ್ನಾಗಿ ಮೂವರನ್ನೂ ಕಣ್ಣು ತುಂಬ ನೋಡಿದರು. ಹಾಗೆ ನೋಡುತ್ತಲೇ, ಬೆನ್ನ ಹಿಂದೆ ಪರದೆಯ ಮೇಲಿದ್ದವನ ಜೊತೆಗೆ, ಅವನಿಗಿಂತ ಒಂದಿಷ್ಟು ಮುಂಚೆಯೂ ಅಲ್ಲ ತಡವೂ ಅಲ್ಲ, ಎದೆ ತುಂಬ ಉಸಿರು ಎಳೆದುಕೊಂಡರು.